ಅಳತೆಗೊಂದು ಹಳೇ ಅಂಗಿ

ಕನ್ನಡಿ ಒರೆಸಿದ್ದು ಸಾಕು ಎಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ. ಅಳತೆ ತೆಗೆಯುವ ಮೂಲೆಯಲ್ಲಿದ್ದ ಆಳೆತ್ತರದ ಕನ್ನಡಿ ಅದು, ಅಪ್ಪನ ಕಾಲದ್ದು. ಕೆಳಗಡೆ ಪಾದರಸ ಕಿತ್ತುಹೋಗಿ ಕಪ್ಪು ಚುಕ್ಕೆಗಳೆದ್ದಿದ್ದವು. ಉಜ್ಜಿದರೆ ಹೋಗುವ ಚುಕ್ಕೆಗಳಲ್ಲ ಎಂದು ಇಷ್ಟು ವರ್ಷ ಗೊತ್ತಿದ್ದವನು ಈ ಬೆಳಿಗ್ಗೆ ಹಳೇ ಪೇಪರನ್ನು ಒದ್ದೆ ಮಾಡಿ ಉಂಡೆ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು ಉಜ್ಜಿದ್ದೇ ಉಜ್ಜಿದ್ದು. ಮೇಯರ್ ಬರುತ್ತಿರುವುದು ಕೋಟು ಹೊಲಿಸೋದಕ್ಕೆ, ಕನ್ನಡಿ ಕೊಳ್ಳೋದಕ್ಕಲ್ಲ ಎಂದು ಮಗಳು ಕೌಂಟರಿನ ಹಿಂದಿನಿಂದ ಚುಚ್ಚಿದಳು. ಅವನು ನಕ್ಕ. ಚುನಾವಣೆ ಮುಗಿದ ದಿನದಿಂದ ಮಗಳು ಏನಂದರೂ ಅವನಿಗೆ ನಗು ಬರುತ್ತಿತ್ತು, ಅಥವಾ ನಗದಿದ್ದರೆ ಅವಳು ತಿರುಗಿ ನೋಡಿಯಾಳು ಎಂಬ ಹೆದರಿಕೆಯಿಂದ ನಗು ತಾನಾಗಿ ಮುಖದ ಮೇಲೆ ಬಂದು ಕೂರುತ್ತಿತ್ತು. ಇಡೀ ಮೂರು ತಿಂಗಳು ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ ಮನೆಮನೆ ತಿರುಗಿ ಕರಪತ್ರ ಹಂಚಿದವಳು ಅವಳು, ಚಪ್ಪಲಿ ಸವೆಸಿದವಳು, ಯಾರದೋ ಗೇಟಿನೊಳಗಿಂದ ನಾಯಿ ಛೂ ಬಿಡಿಸಿಕೊಂಡು ಓಡಿಬಂದವಳು. ಊರು ಹುಟ್ಟಿದಾಗಿನಿಂದ ರೈಲು ಹಳಿಯಾಚೆಯವರೊಬ್ಬರು ನಗರಪಾಲಿಕೆಯ ದೊಡ್ಡ ಕುರ್ಚಿಯಲ್ಲಿ ಕೂತದ್ದಿಲ್ಲ. ಈಗ ಕೂರುತ್ತಾರೆ, ಮುಂದಿನ ವಾರ. ಆ ಕುರ್ಚಿಯಲ್ಲಿ ಕೂರುವ ದಿನದ ಕೋಟನ್ನು ನಮ್ಮಪ್ಪ ಹೊಲಿಯುತ್ತಾರೆ ಎಂದು ಮಗಳೇ ಹೋಗಿ ಮಾತು ಕೊಟ್ಟು ಬಂದಿದ್ದಳು.

ಅವನೂ ಓಟು ಹಾಕಿದ್ದ, ಅವರಿಗೇ. ಇದರಲ್ಲಿ ಸುಳ್ಳಿರಲಿಲ್ಲ. ಪರದೆಯ ಹಿಂದೆ ನಿಂತು ಗುರುತಿನ ಮೇಲೆ ಮುದ್ರೆ ಒತ್ತುವಾಗ ಎದೆ ಒಂದು ಥರಾ ಹಗುರಾಗಿತ್ತು; ಹೊರಗೆ ಬಂದಾಗ ಬೀದಿಯಲ್ಲಿ ಬಿಸಿಲು ಕೂಡ ಬೇರೆ ಥರ ಬಿದ್ದಿದೆ ಅನ್ನಿಸಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ಮಾರನೆಯ ದಿನ ಬಸ್ ನಿಲ್ದಾಣದ ಎದುರಿನ ಚಹಾದ ಗೂಡಂಗಡಿಯಲ್ಲಿ, ಗೂಡಿನವನು ಹಳಿಯಾಚೆಯವನು ಎಂಬ ಒಂದೇ ಕಾರಣಕ್ಕೆ, ಲೋಟ ಕೈಗೆ ತೆಗೆದುಕೊಳ್ಳುತ್ತ, ನಾನೂ ನಿಮ್ಮವರಿಗೇ ಹಾಕಿದ್ದು ಎಂದುಬಿಟ್ಟಿದ್ದ. ಗೂಡಿನವನು ಅವನ ಮುಖ ನೋಡಿ, ಒಳ್ಳೇದಾಯ್ತು ಸಾರ್ ಎಂದು, ಪಕ್ಕದವನಿಗೆ ಸಕ್ಕರೆ ಜಾಸ್ತಿಯೋ ಕಮ್ಮಿಯೋ ಎಂದು ಕೇಳಲು ತಿರುಗಿಕೊಂಡಿದ್ದ. ಲೋಟ ಖಾಲಿಯಾದ ಮೇಲೂ ಅವನು ಅಲ್ಲೇ ನಿಂತಿದ್ದ. ಏನಕ್ಕೆ ನಿಂತಿದ್ದೇನೆ ಎಂದು ಕೇಳಿಕೊಂಡಾಗ ಕಿವಿ ಬಿಸಿಯಾಯಿತು. ಇನ್ನೊಂದು ಮಾತಿಗೆ ಕಾದಿದ್ದ. ದೊಡ್ಡ ಮನಸ್ಸು ಸಾರ್ ನಿಮ್ಮದು ಎಂಬಂಥ ಒಂದು ಮಾತಿಗೆ. ಆವತ್ತಿನಿಂದ ಆ ಗೂಡಿನ ಕಡೆ ಹೋಗದೆ ಸುತ್ತುಹಾಕಿ ಬಸ್ಸಿಗೆ ಹೋಗುತ್ತಿದ್ದ.

ಕನ್ನಡಿಯ ಮುಂದಿನಿಂದ ಎದ್ದಾಗ ಮೊಣಕಾಲು ಲಟಕ್ಕೆಂದಿತು. ಕುತ್ತಿಗೆಯಲ್ಲಿ ಜೋತುಬಿದ್ದಿದ್ದ ಟೇಪನ್ನು ತೆಗೆದು ಬೆರಳಿಗೆ ಸುತ್ತಿದ, ಬಿಚ್ಚಿದ. ಈ ಟೇಪು ಇಷ್ಟು ವರ್ಷಗಳಲ್ಲಿ ಹಳಿಯಾಚೆಯವರ ಒಂದು ಮೈಯನ್ನೂ ಸುತ್ತಿ ಬಂದಿಲ್ಲ ಎಂಬುದು ಅವನಿಗೆ ನೆನಪಾದದ್ದು ಮಗಳು ಮಾತು ಕೊಟ್ಟು ಬಂದ ರಾತ್ರಿ, ಊಟಕ್ಕೆ ಕೂತಾಗ.  ಅಂಗಡಿಯಲ್ಲಿ ಅದೊಂದು ಕಟ್ಟಳೆ ಎಂದು ಯಾರೂ ಬರೆದಿಟ್ಟಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ನಮ್ಮವರು ಬಂದರೆ ಅಪ್ಪ ಎದ್ದು ನಿಂತು, ಕೈ ಮೇಲೆತ್ತಿ ಎಂದು, ಅವರ ಮೈಸುತ್ತ ತೋಳು ಹಾಕಿ ಎದೆ, ಸೊಂಟ, ಭುಜ ಎಂದು ಅಳೆಯುತ್ತಿದ್ದ. ಹಳಿಯಾಚೆಯವರು ಬಂದರೂ ಎದ್ದೇ ನಿಲ್ಲುತ್ತಿದ್ದ. ಬನ್ನಿ, ಕೂತ್ಕೊಳ್ಳಿ ಎನ್ನುತ್ತಿದ್ದ. ಅಳತೆಗೊಂದು ಹಳೇ ಅಂಗಿ ತಂದುಕೊಟ್ಟರೆ ಚೆನ್ನಾಗಿ ಕೂರುತ್ತೆ ನೋಡಿ, ಮೈಮೇಲೆ ತೆಗೆದರೆ ಹೆಚ್ಚುಕಮ್ಮಿ ಆಗುತ್ತೆ ಎನ್ನುತ್ತಿದ್ದ, ಅಕ್ಕರೆಯಿಂದಲೇ. ಅವರು ಹೋಗಿ ಹಳೇ ಅಂಗಿ ತರುತ್ತಿದ್ದರು. ಅಪ್ಪ ಅದನ್ನು ಮೇಜಿನ ಮೇಲೆ ಹಾಸಿ, ಸುಕ್ಕು ಸವರಿ, ಬಟ್ಟೆಯ ಮೇಲೆ ಟೇಪು ಓಡಿಸುತ್ತಿದ್ದ. ಅಪ್ಪ ಜೀವಮಾನದಲ್ಲಿ ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವನಲ್ಲ. ಆ ಮರ್ಯಾದೆ ಎಷ್ಟು ನುಣುಪಾದ ಗೋಡೆಯೆಂದರೆ ಅದನ್ನು ಹತ್ತಲು ಯಾರಿಗೂ ಹಿಡಿ ಸಿಗುತ್ತಿರಲಿಲ್ಲ. ಹಳಿ ಹಾಕುವ ಕೆಲಸಕ್ಕೆಂದು ಯಾವುದೋ ಕಾಲದಲ್ಲಿ ಹಡಗು ತುಂಬಿಸಿ ತಂದವರ ಮೊಮ್ಮಕ್ಕಳು ಮರಿಮಕ್ಕಳು ಅವರು. ಬಣ್ಣ ಬೇರೆ, ಕೂದಲು ಬೇರೆ. ಕೈ ತಾಗಿದರೆ ಏನಾಗುತ್ತದೆ ಎಂದು ಅಪ್ಪ ಹೇಳಲಿಲ್ಲ, ಅವನು ಕೇಳಲಿಲ್ಲ. ಅಪ್ಪ ಹೋದ ಮೇಲೆ ಕತ್ತರಿಯ ಜೊತೆ, ಇಸ್ತ್ರಿಪೆಟ್ಟಿಗೆಯ ಜೊತೆ, ಆ ಮಾತೂ ಅವನ ಪಾಲಿಗೆ ಬಂದಿತ್ತು. ಮಗಳು ಸಣ್ಣವಳಿದ್ದಾಗ ಒಂದು ಸಂಜೆ ಅಂಗಡಿಯ ನೆಲದಲ್ಲಿ ಬಟ್ಟೆ ಚೂರು ಆರಿಸುತ್ತ ಕೇಳಿದ್ದಳು: ಅವರು ಯಾಕಪ್ಪಾ ಮನೆಯಿಂದ ಅಂಗಿ ತರ್ತಾರೆ? ಅವರಿಗೆ ಹಾಗೇ ಇಷ್ಟ ಕಂದಾ, ಮೈಮುಟ್ಟಿಸ್ಕೊಳ್ಳೋದು ಅವರಿಗಾಗಲ್ಲ ಎಂದಿದ್ದ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ. ಅವಳು ನಂಬಿದಳು, ಇವತ್ತಿನವರೆಗೂ ನಂಬಿದ್ದಾಳೆ, ಅವರ ಸಂಕೋಚಕ್ಕೆ ಬೆಲೆ ಕೊಡುವವನು ನಮ್ಮಪ್ಪ ಎಂದು ಯಾರ ಎದುರಿಗೋ ಹೇಳಿದ್ದನ್ನೂ ಅವನು ಕೇಳಿಸಿಕೊಂಡಿದ್ದ. ಊರು ತಿಳಿದರೆ ತಿಳಿಯಲಿ. ಮಗಳಿಗೆ ತಿಳಿಯಬಾರದು. ಹೆಂಡತಿಗೂ ಹೇಳಿಕೊಳ್ಳಲಾಗದ ಈ ಒಂದು ಬೇಡಿಕೆಯನ್ನು ಅವನು ಬೆಳಗಿನಿಂದ ಯಾರ ಮುಂದೋ ಇಡುತ್ತಿದ್ದ.

ಇವತ್ತು ಅಳೆಯುತ್ತೇನೆ. ಎಲ್ಲರನ್ನೂ ಅಳೆದ ಹಾಗೇ ಅಳೆಯುತ್ತೇನೆ. ಅದರಲ್ಲೇನಿದೆ? ಕೈ ಮೇಲೆತ್ತಿ ಅಂದರಾಯಿತು. ಬಾತ್‌ರೂಮಿನಲ್ಲಿ ಮುಖ ಕ್ಷೌರ ಮಾಡಿಕೊಳ್ಳುವಾಗ ಆ ಎರಡು ಮಾತನ್ನು ಹೇಳಿ ನೋಡಿದ್ದ. ಪಕ್ಕದ ಗಡಿಯಾರದಂಗಡಿಯವನು ಆಗಲೇ ಬಂದು, ಗಿರಾಕಿಗಳ ಬೆಂಚಿನ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತುಬಿಟ್ಟಿದ್ದ. ಅವನ ಅಂಗಡಿಗೆ ಗಿರಾಕಿ ಬರುವುದು ಅಪರೂಪ; ಬೇರೆಯವರ ಅಂಗಡಿಯಲ್ಲಿ ನಡೆಯುವುದನ್ನು ನೋಡುವುದೇ ಅವನ ಕಸುಬು. ಓಟೂ ನೀನೇ, ಕೋಟೂ ನೀನೇ, ಪುಣ್ಯವಂತ ಕಣಯ್ಯಾ ಎಂದ. ಮಗಳು ಕೇಳಿಸಿಕೊಂಡು, ನೀವು ಯಾರಿಗೆ ಹಾಕಿದ್ರಿ ಮಾವಾ ಎಂದಳು. ಗಡಿಯಾರದವನು, ನಾನು ಮುಳ್ಳು ತಿರುಗಿದ ಕಡೆ ಎಂದು ತಾನೇ ನಕ್ಕ.

ಕಾರು ಬರಲಿಲ್ಲ. ಮೇಯರ್ ನಡೆದುಕೊಂಡೇ ಬಂದರು, ಜೊತೆಗೆ ಫೋನು ಕಿವಿಗಿಟ್ಟ ಒಬ್ಬ ತರುಣ ಕಾರ್ಯದರ್ಶಿ. ನೋಡಿದರೆ ಅವನ ವಯಸ್ಸಿನವರೇ, ಒಂದೆರಡು ವರ್ಷ ಆಚೀಚೆ. ಭಿತ್ತಿಚಿತ್ರಗಳಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ಕಣ್ಣ ಕೆಳಗೆ ನಿದ್ದೆಗೆಟ್ಟ ಗುರುತು. ಒಳಗೆ ಕಾಲಿಡುವ ಮುಂಚೆ ಬಾಗಿಲ ಹತ್ತಿರ ಒಂದು ಗಳಿಗೆ ನಿಂತರು. ಅದೆಂಥ ಗಳಿಗೆ ಎಂದು ಅವನಿಗೆ ಗೊತ್ತಿತ್ತು. ಹಳಿಯಾಚೆಯವರೆಲ್ಲ ಅಲ್ಲಿ ಅಷ್ಟು ಹೊತ್ತು ನಿಲ್ಲುತ್ತಾರೆ, ಒಳಗಿನಿಂದ ಬನ್ನಿ ಎಂಬ ಮಾತು ಬರುವವರೆಗೆ. ಮಗಳು ಕೌಂಟರು ಬಳಸಿ ಓಡಿದಳು. ಬನ್ನಿ ಬನ್ನಿ ಅಣ್ಣಾ, ಇವರೇ ನಮ್ಮಪ್ಪ ಎಂದಳು. ಅವನು ಎರಡೂ ಕೈ ಮುಗಿದ. ಬನ್ನಿ, ಕೂತ್ಕೊಳ್ಳಿ ಎಂದ. ಆಮೇಲೆ, ಬಾತ್‌ರೂಮಿನಲ್ಲಿ ಹೇಳಿ ನೋಡಿದ್ದ ಎರಡು ಮಾತು ಬರಬೇಕಾದ ಜಾಗದಲ್ಲಿ, ಅವನ ಬಾಯಿಂದ, ಅಪ್ಪನ ಅದೇ ಅಕ್ಕರೆಯ ದನಿಯಲ್ಲಿ ಬಂತು:

"ಅಳತೆಗೊಂದು ಹಳೇ ಕೋಟು ತಂದಿದೀರಾ?"

ಯಾರೂ ಏನೂ ಅಂದುಕೊಳ್ಳದಂಥ ಮಾತು. ಯಾವ ದರ್ಜಿಯಾದರೂ ಯಾವ ಗಿರಾಕಿಗಾದರೂ ಕೇಳಬಹುದಾದದ್ದು. ಗಡಿಯಾರದವನು ಆಕಳಿಸುತ್ತಿದ್ದ. ಮಗಳು ಕುರ್ಚಿ ಎಳೆಯುತ್ತಿದ್ದಳು. ಆದರೆ ಮೇಯರ್ ಅವನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕೋಪವಿರಲಿಲ್ಲ. ಬಹಳ ಹಿಂದೆ ಕಂಡಿದ್ದ ಊರನ್ನು ಬಸ್ಸಿನ ಕಿಟಕಿಯಿಂದ ಮತ್ತೆ ಕಂಡವರ ನೋಟ ಅದು. "ತಂದಿದೀನಿ ಮಾಸ್ಟ್ರೇ," ಎಂದರು. ಕಾರ್ಯದರ್ಶಿಯ ಹೆಗಲಲ್ಲಿದ್ದ ಚೀಲದಿಂದ ಮಡಿಸಿಟ್ಟ ಕಂದು ಕೋಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿಗೆ ಅಚ್ಚರಿ. ಇದನ್ನು ಯಾಕೆ ನನ್ನ ಚೀಲಕ್ಕೆ ಹಾಕಿದಿರಿ, ಅವರು ಮೈಮೇಲೇ ತಗೋತಾರಲ್ಲ ಎಂದ. ಹುಡುಗನ ವಯಸ್ಸು ಅದು, ಪೇಟೆಯ ರೆಡಿಮೇಡ್ ಅಂಗಡಿಗಳಲ್ಲಿ ಬೆಳೆದವನು, ಅವನಿಗೇನು ಗೊತ್ತು. ಮಗಳೂ ಮುಖವೆತ್ತಿ, ಹೌದಲ್ಲಾ ಅಪ್ಪಾ ಎಂದಳು. ಅವನು ಟೇಪನ್ನು ಮತ್ತೆ ಬೆರಳಿಗೆ ಸುತ್ತತೊಡಗಿದ. 

"ನನಗೆ ಕಚಗುಳಿ ಕಣಮ್ಮ," ಎಂದರು ಮೇಯರ್. "ಯಾರಾದ್ರೂ ಕಂಕುಳ ಹತ್ರ ಕೈ ತಂದ್ರೆ ಮುಗೀತು, ಅಂಗಡಿಯಿಂದ ಓಡಿಹೋಗ್ತೀನಿ. ನಾಳೆ ಪೇಪರಲ್ಲಿ ಬರುತ್ತೆ, ಮೇಯರ್ ಪರಾರಿ ಅಂತ."

ಎಲ್ಲರೂ ನಕ್ಕರು. ಗಡಿಯಾರದವನು ತೊಡೆ ತಟ್ಟಿಕೊಂಡು ನಕ್ಕ. ಮಗಳು ಬಗ್ಗಿಬಗ್ಗಿ ನಕ್ಕಳು. ಅವನೂ ನಕ್ಕ, ಮತ್ತು ನಗುತ್ತಿರುವಾಗಲೇ ಅವನಿಗೆ ತಿಳಿಯಿತು: ತನ್ನನ್ನು ಉಳಿಸಿದರು. ಮಗಳ ಎದುರು ತನ್ನ ಮಾನ ಕಾಯಲು ಆ ಮನುಷ್ಯ ತಮ್ಮ ಮೈಯನ್ನೇ ತಮಾಷೆ ಮಾಡಿಕೊಂಡರು. ಎಷ್ಟು ಬೇಗ ಮಾಡಿದರು, ಯೋಚಿಸಬೇಕಾಗಿಯೇ ಇರಲಿಲ್ಲ. ಜೀವಮಾನವಿಡೀ ಇದೇ ಅಭ್ಯಾಸ ಇದ್ದವರ ಹಾಗೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೋಟನ್ನು ಬಿಡಿಸಿದ. ಅದು ನಮ್ಮಪ್ಪಂದು, ಇಲ್ಲೇ ಹೊಲಿಸಿದ್ದು, ಈಗ ನಾನು ಹಾಕ್ತೀನಿ ಎಂದರು ಮೇಯರ್, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ. ಕಾಲರಿನ ಒಳಗೆ ಅಂಗಡಿಯ ಪಟ್ಟಿ ಇತ್ತು, ಅದರ ಮೇಲೆ ಅಪ್ಪನ ಕೈಹೊಲಿಗೆ, ಇರುವೆ ಸಾಲಿನಂತೆ ಒತ್ತೊತ್ತಾಗಿ. ಅವನು ಬೆರಳಿಂದ ಭುಜದ ಗೆರೆ ಹಿಡಿದು ಹೋದ. ಎಡಭುಜ ಒಂದು ಬೆರಳಷ್ಟು ಕೆಳಗಿತ್ತು. ಅಪ್ಪನಿಂದ ಇಂಥ ತಪ್ಪೇ? ಅಪ್ಪ ಕಣ್ಣುಮುಚ್ಚಿ ಕತ್ತರಿಸಿದರೂ ಭುಜ ಸರಿಯಾಗಿರುತ್ತಿತ್ತು. ಆಮೇಲೆ ಹೊಳೆಯಿತು. ಆಗ ಅವರಪ್ಪ ಅಳತೆಗೆ ತಂದಿದ್ದ ಇನ್ನೂ ಹಳೇ ಕೋಟು ಯಾವುದೋ ಮೊಳೆಗೆ ವರ್ಷಗಟ್ಟಲೆ ಜೋತುಬಿದ್ದು ಎಡಕ್ಕೆ ಇಳಿದಿರಬೇಕು. ಅಪ್ಪ ಆ ಇಳಿದ ಭುಜವನ್ನೇ ನೆಟ್ಟಗೆ ಅಳೆದು, ನೆಟ್ಟಗೆ ಕತ್ತರಿಸಿ, ಒಂದು ಎಳೆಯೂ ತಪ್ಪದೆ ಹೊಲಿದಿದ್ದ. ಒಳಗಿದ್ದ ಮನುಷ್ಯನ ಭುಜ ಹೇಗಿತ್ತೋ. ಆತ ಆ ಕೋಟು ಹಾಕಿದ ದಿನಗಳಲ್ಲೆಲ್ಲ ಊರವರಿಗೆ ಓರೆ ನಿಂತ ಹಾಗೆ ಕಂಡಿರಬೇಕು. ಈ ಜನಕ್ಕೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲ ಎಂದು ಯಾರೋ ಅಂದಿರಲೂಬಹುದು, ಇದೇ ಬೆಂಚಿನ ಮೇಲೆ ಕೂತು.

ಈ ಭುಜ ಸ್ವಲ್ಪ ಸರಿ ಮಾಡಬೇಕು, ಒಂದು ಸಲ ನಿಮ್ಮ ಮೈಮೇಲೆ ನೋಡಿದರೆ ಎಂದು ಶುರುಮಾಡಿದ. ದನಿ ಹೊರಗೆ ಬಂದಾಗ ಅದು ಬೇಡಿಕೊಳ್ಳುವ ದನಿಯಾಗಿತ್ತು. ಮೇಯರ್ ಮೆಲ್ಲಗೆ, ಬೇಡ ಬಿಡಿ, ಅದೇ ಅಳತೆಗೆ ಹೊಲೀರಿ, ನನಗೆ ಅಭ್ಯಾಸ ಆಗಿದೆ ಎಂದರು. ಮೊದಲನೆಯ ಸಲ ಆ ಮಾತಿನಲ್ಲಿ ಒಂದು ಸಣ್ಣ ಹರಿತವಿತ್ತು, ಹೊಸ ಬ್ಲೇಡಿನದು. ತಾಗಿದ ಮೇಲಷ್ಟೇ ತಿಳಿಯುವಂಥದು. ಅಷ್ಟರಲ್ಲಿ ಕಾರ್ಯದರ್ಶಿ ಫೋನು ಎತ್ತಿಕೊಂಡು, ಒಂದು ಫೋಟೋ ಆಗಲಿ ಎಂದ. ಬರೀ ಕೈಕುಲುಕಿದರೆ ಚೆನ್ನಾಗಿರಲ್ಲ, ಅಳತೆ ತೆಗೆಯುವ ಹಾಗೆ ನಿಂತುಕೊಳ್ಳಿ, ಟೇಪು ಎದೆಗೆ ಹಿಡಿಯಿರಿ ಎಂದ. ಮಗಳಿಗಂತೂ ಸಂಭ್ರಮ, ಅಪ್ಪನ ಕಾಲರು ಸರಿ ಮಾಡಿದಳು, ಹಣೆಯ ಬೆವರು ತನ್ನ ದುಪಟ್ಟಾದಲ್ಲಿ ಒತ್ತಿದಳು. ಮೇಯರ್ ಕೈ ಎತ್ತಿದರು. ಅವನು ಮುಂದೆ ಬಂದು, ತೋಳು ಚಾಚಿ, ಅವರ ಬೆನ್ನ ಹಿಂದಿನಿಂದ ಟೇಪು ತಂದು ಎದೆಯ ಮುಂದೆ ಎರಡು ತುದಿಗಳನ್ನು ಕೂಡಿಸಿದ. ಟೇಪಿಗೂ ಅಂಗಿಗೂ ನಡುವೆ ಎರಡು ಬೆರಳಿನ ಜಾಗವಿತ್ತು. ಅವನು ಬೇಕೆಂದು ಬಿಟ್ಟದ್ದಲ್ಲ. ಕೈ ಅಲ್ಲಿಗೇ ಹೋಗಿ ನಿಂತಿತು. ಮೇಲಿನಿಂದ ನೋಡಿದರೆ ತಿಳಿಯುತ್ತಿತ್ತು, ಫೋಟೋದಲ್ಲಿ ತಿಳಿಯುವುದಿಲ್ಲ. ಇಬ್ಬರಿಗೂ ಮೇಲಿನಿಂದ ಕಾಣುತ್ತಿತ್ತು. ಸ್ವಲ್ಪ ನಗಿ ಮಾಸ್ಟ್ರೇ ಎಂದ ಕಾರ್ಯದರ್ಶಿ. ಇಬ್ಬರೂ ನಕ್ಕರು. ಕಚಗುಳಿ ಆಗಲಿಲ್ವಾ ಅಣ್ಣಾ ಎಂದಳು ಮಗಳು. ಇಲ್ಲಮ್ಮ, ನಿಮ್ಮಪ್ಪ ಹುಷಾರು ಎಂದರು ಮೇಯರ್.

ಅವರು ಹೋದ ಮೇಲೆ ಅವನು ಕಂದು ಕೋಟನ್ನು ಮತ್ತೆ ಮೇಜಿನ ಮೇಲೆ ಹಾಸಿದ. ಹೊಸ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕಿತ್ತು. ಎಡಭುಜವನ್ನು ಏನು ಮಾಡುವುದು? ಇಳಿದ ಹಾಗೇ ಬಿಟ್ಟರೆ ಊರೆಲ್ಲ ನೋಡುವ ದಿನ ಅವರು ಓರೆ ಕಾಣುತ್ತಾರೆ. ಸರಿ ಮಾಡೋಣವೆಂದರೆ ಎಷ್ಟು ಸರಿ, ಯಾವುದಕ್ಕೆ ಸರಿ? ಮೈಯೇ ಗೊತ್ತಿಲ್ಲವಲ್ಲ. ಕೈಗೆಟುಕುವಷ್ಟು ಹತ್ತಿರ, ಎರಡು ಬೆರಳಿನಾಚೆ ನಿಂತಿದ್ದರು. ಆಗ ಒಂದು ಅಂಕಿಯನ್ನಾದರೂ ಓದಿಕೊಂಡನೇ ತಾನು? ಗಡಿಯಾರದವನು ಇನ್ನೂ ಬೆಂಚು ಬಿಟ್ಟಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಏನನ್ನೋ ಹುಡುಕುತ್ತ ತನ್ನಷ್ಟಕ್ಕೆ ತತ್ವ ಹೇಳುತ್ತಿದ್ದ. ಏನೇ ಅನ್ನು, ಈ ಓಟು ಹಾಕೋದಿದೆಯಲ್ಲ, ಅಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಕಣಯ್ಯಾ; ಯಾರನ್ನೂ ಮುಟ್ಟಬೇಕಾಗಿಲ್ಲ ನೋಡು. ಅವನು ಬೆಚ್ಚಿ ತಲೆಯೆತ್ತಿದ. ಗಡಿಯಾರದವನ ಮುಖದಲ್ಲಿ ಏನೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಆಡಿ, ಆಡಿದ್ದನ್ನು ಮರೆತು, ಊಟದ ಹೊತ್ತಾಯಿತು ಎಂದು ಎದ್ದು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಅವನ ಸ್ಥಿತಿ.

ಮಧ್ಯಾಹ್ನದ ಹೊತ್ತಿಗೆ ಫೋಟೋ ಎಲ್ಲರ ಫೋನಿಗೂ ಹರಿದಿತ್ತು. ಮೇಯರರ ಕಚೇರಿಯವರೇ ಹಾಕಿದ್ದರು, ಊರು ಬದಲಾಗುತ್ತಿದೆ ಎಂದು ಕೆಳಗೆ ಬರೆದು. ಮಗಳು ಗಳಿಗೆಗೊಮ್ಮೆ ಓದಿ ಹೇಳುತ್ತಿದ್ದಳು: ಯಾರೋ ಕಣ್ಣೀರು ಬಂತು ಎಂದಿದ್ದಾರೆ, ಯಾರೋ ಇಂಥ ದರ್ಜಿಗೆ ನಮಸ್ಕಾರ ಎಂದಿದ್ದಾರೆ. ನಮಸ್ಕಾರ ಎಂಬುದು ಅವನ ಕಿವಿಯಲ್ಲಿ ಸೂಜಿಯ ಹಾಗೆ ಇಳಿಯಿತು. ಅವಳು ಊಟದ ಡಬ್ಬಿ ತೊಳೆಯಲು ಒಳಗೆ ಹೋದಾಗ ಅವನ ಸ್ವಂತ ಫೋನು ಸದ್ದು ಮಾಡಿತು. ಹೆಂಡತಿಯ ತಮ್ಮ. ಫೋಟೋ ಕಳಿಸಿ ಕೆಳಗೆ ಬರೆದಿದ್ದ: ಕೈ ತೊಳ್ಕೊಂಡ್ರಾ ಭಾವ? ಅವನು ಅದನ್ನು ನೋಡಿದ. ಈಗ ಬೈಯಬೇಕು, ಇಂಥ ಮಾತು ನನ್ನ ಹತ್ತಿರ ಬೇಡ ಎಂದು ಬರೆಯಬೇಕು ಅನ್ನಿಸಿತು, ಮತ್ತು ಅದೇ ಕ್ಷಣದಲ್ಲಿ ಹಬ್ಬಿಕೊಳ್ಳುವ ಜಗಳ, ಹೆಂಡತಿಯ ಊದಿದ ಮುಖ, ಭಾನುವಾರದ ಊಟಕ್ಕೆ ಬರುವ ಭಾಮೈದನ ಸಂಸಾರ, ಎಲ್ಲ ಸಾಲಾಗಿ ಕಣ್ಣೆದುರು ಬಂತು. ಹೆಬ್ಬೆರಳು ಒಂದು ನಗುವ ಮುಖವನ್ನು ಒತ್ತಿ ಕಳಿಸಿತು. ಹಳದಿ, ಗುಂಡಗೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿರುವ ಮುಖ. ಕಳಿಸಿದ ಮೇಲೆ ಅವನು ಅದನ್ನು ಅಳಿಸಲು ಹೋದ. ಅಲ್ಲಿ ಆಗಲೇ ಓದಿದ ಗುರುತು ಬಿದ್ದಿತ್ತು. ಆಮೇಲೆ ಅವನಿಗೆ ಬೇರೆಯೇ ಒಂದು ಸಂಗತಿ ಹೊಳೆಯಿತು: ಫೋಟೋ ಮುಗಿದ ಮೇಲೆ ತಾನು ನಿಜವಾಗಿಯೂ ಹಿತ್ತಿಲಿಗೆ ಹೋಗಿ ಕೈ ತೊಳೆದಿದ್ದ. ಸೀಮೆಸುಣ್ಣದ ಪುಡಿ ಎಂದುಕೊಂಡಿದ್ದ. ಆಗ ಸೀಮೆಸುಣ್ಣ ಇನ್ನೂ ಕೈಗೇ ಬಂದಿರಲಿಲ್ಲ.

ಸಂಜೆ ಬಿಸಿಲು ಬೆಂಚಿನ ಕಾಲಿನವರೆಗೆ ಬಂದಿದ್ದಾಗ ಬಸ್ ಡ್ರೈವರು ಬಂದ. ಹಳಿಯಾಚೆಯವನು, ಎಷ್ಟೋ ವರ್ಷದ ಗಿರಾಕಿ, ದೊಡ್ಡ ಮೈ, ದೊಡ್ಡ ದನಿ, ಸರ್ವಿಸ್ ಮುಗಿಸಿ ಖಾಕಿಯಲ್ಲೇ ಬಂದಿದ್ದ. ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಬಂದ. ಕೈಯಲ್ಲಿ ಹೊಸ ಬಟ್ಟೆಯ ಕಟ್ಟು ಮಾತ್ರ ಇತ್ತು, ಇನ್ನೇನೂ ಇರಲಿಲ್ಲ. ಮಗಳ ಮದುವೆ ಗೊತ್ತಾಗಿದೆ, ಒಂದು ಕೋಟು ಬೇಕು ಎಂದ. ಎಲ್ಲಿ, ಅಳತೆಗೆ ಎಂದು ಅವನ ಬಾಯಿ ತೆರೆಯುವುದರೊಳಗೆ ಡ್ರೈವರೇ ಹೇಳಿದ: "ಫೋಟೋ ನೋಡಿದೆ ಮಾಸ್ಟ್ರೇ. ಸದ್ಯ ಬದುಕಿದೆ ಅನ್ಕೊಂಡೆ. ನನ್ನ ಹಳೇ ಅಂಗಿ ತಂದ್ರೆ ಅದರಲ್ಲಿ ನನ್ನ ಅರ್ಧ ಮಾತ್ರ ಹಿಡಿಸುತ್ತೆ. ಇನ್ನರ್ಧ ಈಚೆಗೆ ಬಂದಿದ್ದು." ಹೊಟ್ಟೆಯ ಮೇಲೆ ತಟ್ಟಿಕೊಂಡು ನಕ್ಕ. ಮಗಳು ಆಗಲೇ ಅಳತೆ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದಿದ್ದಳು. ಬನ್ನಿ ಅಣ್ಣಾ, ಈ ಕನ್ನಡಿ ಹತ್ರ ನಿಂತ್ಕೊಳ್ಳಿ, ಅಪ್ಪ ತಗೋತಾರೆ, ನಾನು ಬರ್ಕೋತೀನಿ ಎಂದಳು. ಡ್ರೈವರು ಕನ್ನಡಿಯ ಮುಂದೆ ಹೋಗಿ, ಯಾರೂ ಹೇಳದೆಯೇ ಎರಡೂ ಕೈ ಅಗಲಕ್ಕೆ ಎತ್ತಿ ನಿಂತ. ಎಷ್ಟೋ ವರ್ಷಗಳಿಂದ ಬೇರೆಯವರು ಹಾಗೆ ನಿಲ್ಲುವುದನ್ನು ಬೆಂಚಿನ ಮೇಲೆ ಕೂತು ನೋಡಿದ್ದನಲ್ಲ, ಕಲಿಯಬೇಕಾಗಿರಲಿಲ್ಲ.

ಅವನು ಟೇಪು ತೆಗೆದುಕೊಂಡ. ಮೊದಲು ಬೆನ್ನಿಗೆ ಹೋದ. ಭುಜದಿಂದ ಭುಜಕ್ಕೆ ಅಳೆದು ಕೂಗಿ ಹೇಳಿದ, ಮಗಳು ಬರೆದುಕೊಂಡಳು. ತೋಳಿನುದ್ದ ಹೇಳಿದ, ಬರೆದುಕೊಂಡಳು. ಇದೇನು, ಆಗುತ್ತಿದೆಯಲ್ಲ ಅನ್ನಿಸಿತು. ಬೆನ್ನು ಎಲ್ಲರ ಬೆನ್ನೇ. ಖಾಕಿಯ ಮೇಲೆ ಸೀಟಿನ ಗೆರೆ ಬೆವರಾಗಿ ಮೂಡಿತ್ತು. ಇಷ್ಟೇನಾ, ಇಷ್ಟಕ್ಕೇನಾ ಅಪ್ಪನಿಂದ ಈಚೆಗೆ ಇಷ್ಟು ವರ್ಷ ಎಂದು ಒಳಗೆ ಏನೋ ಹಗುರಾಗಿ ಏಳುತ್ತಿತ್ತು, ಪರದೆಯ ಹಿಂದೆ ಮುದ್ರೆ ಒತ್ತುವಾಗ ಎದ್ದಂಥದೇ. ಆಮೇಲೆ ಮುಂದೆ ಬಂದ. ಎದೆಯ ಸುತ್ತಳತೆಗೆ ದರ್ಜಿ ಗಿರಾಕಿಯನ್ನು ಹೆಚ್ಚುಕಮ್ಮಿ ತಬ್ಬಿಕೊಳ್ಳಲೇಬೇಕು. ಅದಕ್ಕೆ ಬೇರೆ ದಾರಿಯಿಲ್ಲ. ದೊಡ್ಡ ಮೈ. ತೋಳುಗಳನ್ನು ಪೂರಾ ಚಾಚಿ, ಕೆನ್ನೆ ಆ ಖಾಕಿ ಎದೆಗೆ ತಾಗುವಷ್ಟು ಹತ್ತಿರ ಬಾಗಿ, ಬೆನ್ನ ಹಿಂದೆ ಕೈ ಬದಲಿಸಿ ಟೇಪನ್ನು ಮುಂದಕ್ಕೆ ತಂದ. ತುದಿಗಳು ಕೂಡಿದವು. ಗಿರಾಕಿಗಳು ಈ ಹೊತ್ತಿನಲ್ಲಿ ಹೊಟ್ಟೆ ಒಳಗೆಳೆದು ಬಿಗಿಹಿಡಿಯುತ್ತಾರೆ. ಯಾರ ಮೇಲೆ ಟೇಪು ಸುತ್ತಿದರೂ ಹೇಳುವ ಮಾತನ್ನು ಅವನು ಹೇಳಲು ಹೋದ. ಅದು ಗಂಟಲಿನಿಂದ ಹಿಸುಕಿಕೊಂಡು ಬಂತು.

"ಉಸಿರು ಬಿಡಿ."

"ನಾನು ಬಿಟ್ಟೇ ಇದೀನಿ ಮಾಸ್ಟ್ರೇ," ಎಂದ ಡ್ರೈವರು, ಅವನ ತಲೆಯ ಮೇಲಿನಿಂದ. "ಹಿಡ್ಕೊಂಡಿರೋದು ನೀವು."

ಹೀಯಾಳಿಸುವ ದನಿಯಲ್ಲ. ಚಪ್ಪಲಿಯ ಪಟ್ಟಿ ಬಿಚ್ಚಿದೆ ನೋಡಿ ಎಂದು ದಾರಿಯಲ್ಲಿ ಹೋಗುವವರಿಗೆ ಹೇಳುತ್ತಾರಲ್ಲ, ಹಾಗೆ. ಪೆನ್ನಿನ ಸದ್ದು ನಿಂತಿತು. ಅವನಿಗೆ ಎದೆಯೊಳಗೆ ಕಟ್ಟಿಹೋಗಿದ್ದ ಗಾಳಿ ಆಗ ಗೊತ್ತಾಯಿತು. ಯಾವಾಗ ಹಿಡಿದೆ? ಮುಂದೆ ಬಂದಾಗಲೇ? ಬಾಗಿದಾಗಲೇ? ಮೂಗಿನ ಮುಂದೆ ಖಾಕಿಯ ಗುಂಡಿ ಇತ್ತು. ಬಿಡದೆ ಇರಲಾಗಲಿಲ್ಲ, ಬಿಟ್ಟ. ಕೆರೆಯಲ್ಲಿ ಮುಳುಗಿ ಮೇಲೆ ಬಂದವನ ಹಾಗೆ ಭಸ್ಸೆಂದು ಬಂತು, ಇಡೀ ಅಂಗಡಿಗೆ ಕೇಳಿಸುವಂತೆ. ಬಿಟ್ಟ ಮೇಲೆ ಎಳೆದುಕೊಳ್ಳಲೇಬೇಕು. ತಬ್ಬಿದ ತೋಳುಗಳನ್ನು ಹಿಂತೆಗೆಯಲೂ ಆಗದೆ, ಇಡಲೂ ಆಗದೆ, ಆ ಎದೆಗೆ ಮುಖ ಮಾಡಿಕೊಂಡೇ ಅವನು ಉಸಿರು ಎಳೆದುಕೊಂಡ. ಟೇಪಿನ ಮೇಲಿನ ಅಂಕಿಯನ್ನು ಹೇಳಿದ. 

ಬರೆಯುವ ಸದ್ದು ಬರಲಿಲ್ಲ. ಕನ್ನಡಿಯಲ್ಲಿ ಅವನಿಗೆ ಮಗಳು ಕಂಡಳು. ಪೆನ್ನು ಹಿಡಿದ ಕೈ ಪುಸ್ತಕದ ಮೇಲೇ ಇತ್ತು. ಕಣ್ಣು ಮಾತ್ರ ಪುಸ್ತಕದ ಮೇಲಿರಲಿಲ್ಲ. ಅವಳು ಕೋಪ ಮಾಡಿಕೊಂಡಿರಲಿಲ್ಲ. ಬಾಯಿಪಾಠವಾದ ಲೆಕ್ಕವೊಂದನ್ನು ಮೊದಲಿನಿಂದ ಮತ್ತೆ ಕೂಡಿಸುತ್ತಿರುವವಳ ಹಾಗೆ ಅವಳ ಹುಬ್ಬು ಒಂದಿಷ್ಟು ಗಂಟಿಕ್ಕಿತ್ತು. ಬೆಳಗಿನ ಕಚಗುಳಿ, ಮನೆಯಿಂದ ತರುತ್ತಿದ್ದ ಅಂಗಿಗಳು ಎಂದು ಒಂದೊಂದಾಗಿ ಅವಳು ಹಿಂದಕ್ಕೆ ಹೋಗುತ್ತಿರುವುದು ಅವನಿಗೆ ಕಾಣುತ್ತಿತ್ತು. ಅವನು ಕೈಯಲ್ಲಿದ್ದ ಟೇಪನ್ನು ನೋಡಿದ. ತುದಿಗಳು ಕೂಡಿದ್ದವು, ನಡುವೆ ಅದೇ ಎರಡು ಬೆರಳಿನ ಜಾಗವಿತ್ತು. ಹೇಳಿದ ಅಂಕಿ ಸುಳ್ಳು. ಆ ಅಂಕಿಗೆ ಹೊಲಿದರೆ ಮಗಳ ಮದುವೆಯ ದಿನ ಕೋಟು ಈ ಮನುಷ್ಯನ ಮೇಲೆ ಚೀಲದ ಹಾಗೆ ಜೋಲುತ್ತದೆ. ಬಂದವರು ನೋಡಿ ನಗುತ್ತಾರೆ. ದರ್ಜಿಯನ್ನು ಯಾರೂ ಬೈಯುವುದಿಲ್ಲ.

"ಬರೀಬೇಡಮ್ಮ," ಎಂದ. "ತಪ್ಪು ತಗೊಂಡೆ."

"ಕೈ ಇಳಿಸಲಾ ಮಾಸ್ಟ್ರೇ?" ಎಂದ ಡ್ರೈವರು. ತೋಳು ಸೋಲತೊಡಗಿತ್ತು. ಅವನ ಮುಖದ ಮೇಲಿನ ನಗು ಹೋಗಿ, ನಾಳೆ ಹಳೇದೊಂದು ತಂದುಕೊಡುತ್ತೇನೆ ಎಂದು ಹೇಳಲು ತಯಾರಾದ ಆ ಹಳೆಯ ಮುಖ ಮೆಲ್ಲಗೆ ಬರುತ್ತಿತ್ತು.

"ಇಳಿಸಬೇಡಿ," ಎಂದ. "ಒಂದು ನಿಮಿಷ. ಹಾಗೇ ಇರಿ."

ಟೇಪನ್ನು ಬಿಚ್ಚಿ ಮತ್ತೆ ಮುಂದಕ್ಕೆ ಹೆಜ್ಜೆಯಿಟ್ಟ. ತೋಳು ಚಾಚಿದ. ಹುಟ್ಟಿದಾಗಿನಿಂದ ತಾನಾಗಿ ನಡೆಯುತ್ತಿದ್ದ ಕೆಲಸವನ್ನು ಈಗ ಒಂದೊಂದಾಗಿ ಮಾಡಬೇಕಾಗಿ ಬಂತು: ಒಳಗೆ, ಹೊರಗೆ, ಒಳಗೆ. ಕಿವಿ ಸುಡುತ್ತಿತ್ತು. ಮಗಳು ನೋಡುತ್ತಿದ್ದಳು, ನೋಡಲಿ ಎಂದು ಅವನು ಅಂದುಕೊಳ್ಳಲಿಲ್ಲ, ನೋಡಬೇಡ ಎನ್ನುವ ಹಕ್ಕು ಉಳಿದಿರಲಿಲ್ಲ ಅಷ್ಟೆ. ಟೇಪು ಆ ಮನುಷ್ಯನ ಬೆನ್ನಿಗೆ ತಾಗಿತು. ಅವನ ಮುಂಗೈ ತಾಗಿತು. ಒಳಗೆ ಎಲ್ಲೋ ಇನ್ನೊಂದು ಕೈ ಈಗಲೂ ಹಿಂದಕ್ಕೆ ಎಳೆಯುತ್ತಿರುವುದು ಅವನಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು, ಮತ್ತು ಡ್ರೈವರಿಗೂ ಅದು ತಿಳಿಯುತ್ತಿದೆ ಎಂದು ತಿಳಿಯುತ್ತಿತ್ತು. ಅದಕ್ಕೇ ಆತ ಗೋಡೆಯ ಕಡೆ ಮುಖ ತಿರುಗಿಸಿ, ಅಳೆದು ಮುಗಿಯುವವರೆಗೂ, ಕೈ ಎತ್ತಿಕೊಂಡೇ ಕಾದ.